ಎರಡನೆಯ ಉತ್ತರ

“ಗುರುಗಳೇ, ನೀವು ಕಂಡುಕೊಂಡದ್ದನ್ನೇ ನಾನೂ ಮೊದಲಿನಿಂದ ಹುಡುಕಬೇಕೇ? ಹೇಳಿಬಿಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?”

ಚನ್ನಮಲ್ಲ ಹೆಗಲಿಗೆ ಜೋಳಿಗೆ ಏರಿಸಿಕೊಂಡೇ ಕೇಳಿದ. ಗುರುಗಳ ಬಳಿ ಬಂದು ವರ್ಷಗಳಾಗಿದ್ದವು. ಏನು ಕೇಳಿದರೂ ‘ನೀನೇ ನೋಡು’ ಅನ್ನುವುದೊಂದೇ ಮಾತು. ಇವತ್ತು ಹೇಳಿದರೆ ಸರಿ, ಇಲ್ಲವಾದರೆ ಕಾಲು ಕರೆದುಕೊಂಡು ಹೋದ ಕಡೆ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದ.

“ಹೋಗುವವನು ಹೋಗು. ಒಂದು ಕತೆ ಕೇಳಿಕೊಂಡು ಹೋಗು,” ಎಂದರು ಗುರುಗಳು. ಅವನು ಜೋಳಿಗೆ ಇಳಿಸದೆ ಕೂತ.

ಒಬ್ಬ ವಿಜ್ಞಾನಿಯಿದ್ದ. ಕಡಲಿನಲ್ಲಿ ಚಂಡಮಾರುತ ಎದ್ದಿತ್ತು. ಅದು ಯಾವ ದಂಡೆಗೆ ಅಪ್ಪಳಿಸುತ್ತದೆಂದು ಅವನು ಲೆಕ್ಕ ಹಾಕಬೇಕಿತ್ತು. ದೋಣಿಗಳು ಇನ್ನೂ ನೀರಿನ ಮೇಲಿದ್ದವು. ಎತ್ತ ತಿರುಗಬೇಕೆಂದು ಅವುಗಳಿಗೆ ಹೇಳುವವರಿರಲಿಲ್ಲ.

ಅವನ ಬಳಿ ಮನೆಯಷ್ಟು ದೊಡ್ಡ ಗಣಕಯಂತ್ರವಿತ್ತು. ಆ ಲೆಕ್ಕಕ್ಕೆ ಅದೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆಗ ಅವನು ಲೆಕ್ಕವನ್ನು ಒಡೆದ. ಒಂದನ್ನೊಂದು ಕೇಳಿಕೊಂಡೇ ಸಾಗಬೇಕಾದ ಭಾಗಗಳನ್ನು ದೊಡ್ಡ ಯಂತ್ರಕ್ಕೆ ಇಟ್ಟುಕೊಂಡ. ಒಂಟಿಯಾಗಿ ಮಾಡಬಹುದಾದ ತುಂಡುಗಳನ್ನು ಊರೂರಿಗೆ ಕಳಿಸಿದ. ಶಾಲೆ, ಅಂಗಡಿ, ಆಸ್ಪತ್ರೆ, ಎಲ್ಲಿ ಕಂಪ್ಯೂಟರ್ ಸುಮ್ಮನೆ ಕೂತಿತ್ತೋ ಅಲ್ಲಿಗೆ.

ಒಂದು ತುಂಡು ಒಬ್ಬ ಹಿಟ್ಟಿನ ಗಿರಣಿಯವನ ಕಂಪ್ಯೂಟರಿಗೆ ಬಂತು. ಅವನು ಕಡಲನ್ನು ಕಂಡವನಲ್ಲ. ಆದರೂ “ಬಿರುಗಾಳಿ ನನ್ನ ಗಿರಣಿಯಲ್ಲಿ ಬೀಸಿಸಿಕೊಳ್ಳುತ್ತಿದೆ” ಎಂದು ಊರೆಲ್ಲ ಸಾರಿ ಬಂದ. ಲೆಕ್ಕ ಅರ್ಧ ಮುಗಿದಿರಬೇಕು, ಪರದೆಯ ಮೇಲೆ ಒಂದು ಸಾಲು ಮೂಡಿತು: ಇದೇ ತುಂಡು ಇನ್ನೊಬ್ಬರಿಗೂ ಹೋಗಿದೆ, ಅವರ ಉತ್ತರ ಬಂದಿದೆ.

ಹೆಂಡತಿ ನಕ್ಕಳು. “ಬೀಸಿದ ಹಿಟ್ಟನ್ನೇ ಬೀಸುತ್ತಿದ್ದೀರಲ್ಲ!”

ಗಿರಣಿಯವನಿಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರ್ ಆರಿಸಲು ಒಂದು ಕೈ ಸ್ವಿಚ್ಚಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ವಿಜ್ಞಾನಿಗೆ ಫೋನು ಹಚ್ಚಿದ.

“ಏನು ಸಾಹೇಬರೇ, ಇದೆಂಥ ಚೇಷ್ಟೆ? ಉತ್ತರ ಬಂದಾಗಿದೆಯಂತೆ. ಮತ್ತೆ ನನ್ನದೇಕೆ?”

“ನಿಮ್ಮದು ಬರುವವರೆಗೆ ಅದು ಉತ್ತರವಲ್ಲ ಯಜಮಾನರೇ, ಬರೀ ಒಬ್ಬರ ಮಾತು. ಯಂತ್ರ ಬಿಸಿಯಾದರೂ ಲೆಕ್ಕ ತಪ್ಪುತ್ತದೆ. ಅದನ್ನು ನಂಬಿ ದೋಣಿ ತಿರುಗಿಸಲೇ?”

“ಹಾಗಿದ್ದರೆ ಅವರ ಉತ್ತರ ಕೊಡಿ. ನೋಡಿಕೊಂಡು ಒತ್ತಿಬಿಡುತ್ತೇನೆ. ಬೇಗ ಮುಗಿಯುತ್ತದೆ.”

“ಅದೊಂದನ್ನು ಕೇಳಬೇಡಿ. ನೀವು ಅದನ್ನು ನೋಡಿದಿರೋ, ಎರಡು ಉತ್ತರಗಳೂ ಕೆಲಸಕ್ಕೆ ಬಾರದೆ ಹೋದವು.”

ಗಿರಣಿಯವನು ಫೋನು ಇಟ್ಟ. ಆಮೇಲೆ ಸ್ವಿಚ್ಚಿನ ಮೇಲಿನ ಕೈ ತೆಗೆದ.

ಅವನ ಉತ್ತರ ಹೋಯಿತು. ಒಬ್ಬರ ಮುಖ ಒಬ್ಬರು ಕಾಣದ ಇಬ್ಬರ ಅಂಕಿಗಳು ಕೊನೆಯ ಸ್ಥಾನದವರೆಗೂ ಒಂದೇ ಆಗಿದ್ದವು. ಹಾಗೆಯೇ ಎಲ್ಲ ಊರುಗಳ ತುಂಡುಗಳೂ ಜೋಡಿ ಜೋಡಿಯಾಗಿ ಬಂದು ಕೂಡಿಕೊಂಡವು. ಕಡಲಿನ ನಕ್ಷೆಯ ಮೇಲೆ ಒಂದು ಗೆರೆ ಮೂಡಿತು. ಗಾಳಿ ಇನ್ನೂ ಅಲ್ಲಿಗೆ ಹೋಗಿರಲಿಲ್ಲ. ಅದು ಹೋಗುವ ದಾರಿ ಮಾತ್ರ ಅಲ್ಲಿತ್ತು. ದೋಣಿಗಳು ಬೇರೆ ದಂಡೆಗೆ ತಿರುಗಿದವು. ಆಮೇಲೆ ಗಾಳಿ ಬಂತು, ಬರೆದುಕೊಟ್ಟ ಹಾಗೆ ಆ ಗೆರೆಯ ಮೇಲೇ ನಡೆಯಿತು. ಗಿರಣಿಯವನು ಅದನ್ನು ಪರದೆಯ ಮೇಲೆ ನೋಡಿದ. ಹಿಟ್ಟು ಮೆತ್ತಿದ ಕೈಗಳನ್ನು ತಾನಾಗಿಯೇ ಮುಗಿದ. ಯಾರಿಗೆ ಮುಗಿದೆನೆಂದು ಅವನಿಗೇ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಜೋಳಿಗೆ ಹೆಗಲಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಆದರೂ ಅವನ ಹಟ ಇನ್ನೂ ಇಳಿದಿರಲಿಲ್ಲ.

“ಅವನ ಉತ್ತರಕ್ಕೆ ವಿಜ್ಞಾನಿ ಕಾದಿದ್ದ, ಗುರುಗಳೇ. ನನ್ನ ಉತ್ತರಕ್ಕೆ ಕಾಯುವವರು ಯಾರಿದ್ದಾರೆ?”

“ನಾನಿದ್ದೇನೆ, ನಾನು ಕಂಡದ್ದು ಸರಿಯೋ ತಪ್ಪೋ ನನಗಿನ್ನೂ ತಿಳಿದಿಲ್ಲ.”