ಇಬ್ಬರು ಎತ್ತುವ ಕಲ್ಲು

ಹಳ್ಳದ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ.

ಗುರುವನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ರೇವಯ್ಯ. ಕಟ್ಟಿಗೆ ಒಡೆ ಎಂದರೆ ಒಡೆದು, ಒಟ್ಟಿ, ಅಂಗಳ ಗುಡಿಸಿ, "ಇನ್ನೇನ್ರಿ?" ಎಂದು ಬಂದು ನಿಲ್ಲುವಂಥ ಆಳು. ಇಂಥವರನ್ನು ಸುಮ್ಮನೆ ಕೂರಿಸುವುದು ಯಾವ ಗುರುವಿಗೂ ಕಷ್ಟವೇ.

ಊರು ಹಳ್ಳದ ಆಚೆಗೆ, ಊರವರ ಹೊಲಗಳು ಮಠದ ಕಡೆಗೆ. ನಡುವೆ ದಾಟಲು ಸಾಲಾಗಿ ಇಟ್ಟ ಕಲ್ಲುಗಳು. ಮಳೆಗಾಲದಲ್ಲಿ ನೀರು ಏರಿತೆಂದರೆ ಕಲ್ಲುಗಳು ಉರುಳಿ ಚೆಲ್ಲಾಪಿಲ್ಲಿ. ನೀರು ಇಳಿದ ಮೇಲೆ ಒಂದು ಸೋಮವಾರ ಊರೆಲ್ಲ ಹಳ್ಳಕ್ಕಿಳಿದು ಅವನ್ನು ಮತ್ತೆ ಕೂರಿಸುತ್ತಿತ್ತು. ಮನೆಗೊಂದು ಕಲ್ಲು. ಸೋಮವಾರ ಎತ್ತು ಹೂಡುವಂತಿಲ್ಲ, ಎಲ್ಲರಿಗೂ ಬಿಡುವು.

ಕೆಲಸಕ್ಕಿಂತ ಅಲ್ಲಿ ಗದ್ದಲವೇ ಹೆಚ್ಚೆಂದು ರೇವಯ್ಯನ ಅಭಿಪ್ರಾಯ.

ಆ ವರ್ಷ ನೀರು ಇಳಿಯುತ್ತಿದ್ದಾಗ ಅವನು ಗುರುವಿನ ಮುಂದೆ ಕೂತ.

"ಅಜ್ಜಾರ, ಊರಿನ ಅನ್ನ ಉಣ್ಣತೀನಿ. ಊರಿಗೆ ಏನರ ಮಾಡಬೇಕು ಅನಸತೈತ್ರಿ."

"ಸೋಮವಾರ ಹಳ್ಳಕ್ಕ ಹೋಗು."

"ಹೋಗಿ ಏನ್ ಮಾಡ್ಲಿ?"

"ಮಂದಿ ಜೋಡಿ ನಿಂದ್ರು."

"ಬರೇ ನಿಂತ್ರ ಏನ್ ಬಂತ್ರಿ?"

ಅಜ್ಜಾರು ನಕ್ಕರು. ಪಕ್ಕದ ಊರಿನಲ್ಲಿ ಭಕ್ತನೊಬ್ಬ ಹಾಸಿಗೆ ಹಿಡಿದಿದ್ದ. ಕೋಲು ತೆಗೆದುಕೊಂಡು ಅವನನ್ನು ನೋಡಲು ಹೊರಟುಹೋದರು.

ರೇವಯ್ಯ ಯೋಚಿಸಿದ. ಊರವರ ಒಂದು ದಿನದ ವಿಶ್ರಾಂತಿ ಈ ಕಲ್ಲುಗಳಿಗೇ ಹೋಗುತ್ತದೆ. ತನಗೆ ರಟ್ಟೆಯಲ್ಲಿ ಬಲವಿದೆ. ಅವರು ಬರುವ ಮೊದಲೇ ಮುಗಿಸಿಬಿಟ್ಟರೆ?

ಸೋಮವಾರ ಬರುವಷ್ಟರಲ್ಲಿ ಕಲ್ಲಿನ ಸಾಲು ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತ್ತು. ನಡುವಿನದು ದೊಡ್ಡ ಹಾಸುಗಲ್ಲು. ಪ್ರತಿ ವರ್ಷ ಅದಕ್ಕೆ ಇಬ್ಬರು ಬೇಕಾಗುತ್ತಿದ್ದರು. ರೇವಯ್ಯ ಹಾರೆ ಹಾಕಿ ಮೀಟಿ, ಎದೆ ಕೊಟ್ಟು ದೂಡಿ, ಒಬ್ಬನೇ ಕೂರಿಸಿದ್ದ.

ಊರವರು ಬಂದರು, ನೋಡಿದರು, ಬೆರಗಾದರು. "ಅಯ್ಯನವರ, ಊರ ಮಂದಿ ಭಾರ ಒಬ್ಬರ ಹೊತ್ತರಲ್ರಿ!" ಎಂದು ಕೈ ಮುಗಿದರು. ಒಂದಿಷ್ಟು ಹೊತ್ತು ದಂಡೆಯ ಮೇಲೆ ನಿಂತರು. ನಿಂತು ಮಾಡುವುದೇನೂ ಇರಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದರು.

ರೇವಯ್ಯ ಹಿಗ್ಗಿ ಹೀರೇಕಾಯಿಯಾದ.

ಸ್ವಲ್ಪ ಹೊತ್ತಿಗೆ ಅಜ್ಜಾರು ಊರ ಕಡೆಯಿಂದ ಅದೇ ಕಲ್ಲುಗಳ ಮೇಲೆ ದಾಟಿ ಬಂದರು.

"ಯಾರು ಇಟ್ಟದ್ದು?"

"ನಾನ್ರಿ. ಒಬ್ಬನ."

"ಗಟ್ಟಿ ಅದಾವು," ಎಂದರು ಅಜ್ಜಾರು.

ಅವರ ಹಿಂದೆಯೇ ಫಕೀರವ್ವ ಬಂದಳು. ಊರಿನ ಹಿರಿಯ ಹೆಂಗಸು. ತಲೆಯ ಮೇಲೆ ಬುತ್ತಿಯ ಬುಟ್ಟಿ. ಅದರೊಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ.

"ಮಂದಿ ಎಲ್ಲಿ ಅಯ್ಯನವರ?"

"ಕೆಲಸ ಮುಗೀತವ್ವ. ಎಲ್ಲಾರೂ ಮನಿಗೆ ಹೋದ್ರು."

"ನನ್ನ ಮಕ್ಕಳು?"

"ಅವರೂ ಹೋದ್ರು."

ಫಕೀರವ್ವ ಬುಟ್ಟಿ ಇಳಿಸಿ ಮಠದ ಕಟ್ಟೆಯ ಮೇಲೆ ಕೂತಳು.

ಅವಳಿಗೆ ಇಬ್ಬರು ಮಕ್ಕಳು, ಬಾಳಪ್ಪ ಮತ್ತು ಮುದಕಪ್ಪ. ಒಂದು ಬದುವಿನ ಜಗಳಕ್ಕೆ ಎಣ್ಣೆ ಸೀಗೇಕಾಯಿ ಆದವರು. ಒಂದೇ ಓಣಿಯಲ್ಲಿದ್ದರೂ ಮುಖ ಕೊಟ್ಟು ಮಾತಿಲ್ಲ.

"ಹೊಲ ಪಾಲಾತು, ಮನಿ ಪಾಲಾತು," ಎಂದಳು ಫಕೀರವ್ವ. "ಆ ನಡುವಿನ ಕಲ್ಲೊಂದು ನಮ್ಮ ಮನಿ ಕಲ್ಲು. ಅದು ಮಾತ್ರ ಪಾಲಾಗಲಿಲ್ಲ. ವರ್ಷಕ್ಕೊಮ್ಮಿ ಇಬ್ಬರೂ ಕೂಡಿ ಅದನ್ನ ಎತ್ತತಿದ್ರು. ಮಾತಾಡದೆ ಕಲ್ಲು ಎತ್ತಾಕ ಬರತೈತೇನ್ರಿ? ಹಿಡಿ ಅನಬೇಕು, ಬಿಡು ಅನಬೇಕು. ಆಮ್ಯಾಲ ನನ್ನ ಕೈಯಾಗಿನ ರೊಟ್ಟಿ ಉಣತಿದ್ರು, ಬಾಜೂಕ ಕೂತು. ನನಗ ಅದ ಹಬ್ಬ."

ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಲಿ ಬಿಡ್ರಿ. ಮುಂದಿನ ವರ್ಷ ನೋಡೂಣು, ನಾ ಇದ್ರ."

ರೇವಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಅಜ್ಜಾರ, ಇಬ್ಬರನ್ನೂ ಮಠಕ್ಕ ಕರಸೂಣ್ರಿ. ನೀವು ಬುದ್ಧಿ ಹೇಳ್ರಿ."

"ಹ್ವಾದ ವರ್ಷ ಕರಸಿದ್ದೆ. ಇಬ್ಬರೂ ಬಂದ್ರು. ಒಬ್ಬ ಮೂಡಲಕ್ಕ ಮಾರಿ ಮಾಡಿ ಕೂತ, ಇನ್ನೊಬ್ಬ ಪಡುವಲಕ್ಕ. ನಾನು ಕಂಬಕ್ಕ ಬುದ್ಧಿ ಹೇಳಿದೆ."

ಅಷ್ಟು ಹೇಳಿ ಅಜ್ಜಾರು ಧೋತರ ಮೇಲೆ ಕಟ್ಟಿದರು. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಹಳ್ಳಕ್ಕೆ ಇಳಿದರು. ನಡುವಿನ ಹಾಸುಗಲ್ಲಿನ ಬುಡಕ್ಕೆ ಹಾರೆ ಚುಚ್ಚಿ ಮೀಟತೊಡಗಿದರು.

"ಅಜ್ಜಾರ! ಏನ್ ಮಾಡಾಕ್ಹತ್ತೀರಿ?"

"ಜಗ್ಗವಲ್ದು. ಭಾಳ ಚಲೋ ಕೂಡಿಸೀದಿ ನೀನು. ಬಾ, ಕೈ ಹಚ್ಚು."

ರೇವಯ್ಯ ನೀರಿಗಿಳಿದ. ತಾನು ಬೆವರು ಸುರಿಸಿ ಕೂರಿಸಿದ್ದನ್ನು ತಾನೇ ಕೀಳಬೇಕು. ಮನಸ್ಸು ಬರಲಿಲ್ಲ, ಆದರೂ ಕಿತ್ತ. ಇಬ್ಬರೂ ಸೇರಿ ಕಲ್ಲನ್ನು ಪಕ್ಕದ ಮಡುವಿಗೆ ಉರುಳಿಸಿದರು.

"ಈಗ ಊರಾಗ ಹೋಗಿ ಹೇಳು."

"ಏನಂತ ಹೇಳ್ಲಿ? ನೀರಿಗೆ ಹೋತು ಅನ್ಲೇನ್ರಿ?"

"ಸುಳ್ಳು ಯಾಕ? ನಾವ ಕಿತ್ತೀವಿ, ಎತ್ತಾಕ ನಮ್ಮ ಕೈಲೆ ಆಗವಲ್ದು ಅನ್ನು."

"ಮಂದಿ ನಗತಾರ್ರಿ."

"ನಗಲಿ. ನಗಾಕರ ಬರತಾರಲ್ಲ."

ಬಂದರು. ನಕ್ಕರು ಕೂಡ. ಗುರುವಿಗೆ ಅರಳುಮರಳೋ ಶಿಷ್ಯನಿಗೋ ಎಂದು ಹಳ್ಳದ ತುಂಬ ಚರ್ಚೆ ನಡೆಯಿತು. ಮಾತಿನ ಭರದಲ್ಲೇ ಪ್ರತಿಯೊಬ್ಬರೂ ತಮ್ಮ ಮನೆಯ ಕಲ್ಲನ್ನು ತುಳಿದು ನೋಡಿ, "ನಮ್ಮದು ಇಲ್ಲಲ್ಲ, ಅಲ್ಲಿ" ಎಂದು ಅಲುಗಿಸಿ ಬೇರೆ ಕಡೆ ಇಟ್ಟರು. ರೇವಯ್ಯನ ನೆಟ್ಟನೆಯ ಸಾಲು ನೋಡನೋಡುತ್ತ ಹಾವಿನ ಹಾಗಾಯಿತು.

ಬಾಳಪ್ಪ ಒಂದು ಕಡೆಯಿಂದ ಬಂದ, ಮುದಕಪ್ಪ ಇನ್ನೊಂದು ಕಡೆಯಿಂದ. ಇಬ್ಬರೂ ಮಡುವಿಗಿಳಿದರು. ಒಬ್ಬರನ್ನೊಬ್ಬರು ನೋಡದೆ ಕಲ್ಲಿನ ಎರಡು ತುದಿ ಹಿಡಿದರು.

ದಂಡೆಯ ಮೇಲೆ ಫಕೀರವ್ವ ಬುಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

ಕಲ್ಲು ಮೊಣಕಾಲಿನವರೆಗೆ ಬಂತು, ವಾಲಿತು, ಜಾರಿತು.

"ಏ ತಮ್ಮಾ, ಕೈ ತಗಿ!" ಬಾಳಪ್ಪ ಕೂಗಿದ.

ಮುದಕಪ್ಪ ಕೈ ತೆಗೆದ. ಕಲ್ಲು ದೊಪ್ಪನೆ ನೀರಿಗೆ ಬಿತ್ತು. ಇಬ್ಬರ ಮುಖಕ್ಕೂ ರಾಡಿ ಸಿಡಿಯಿತು.

"ಕೈಗೆ ಬಡೀತೇನು?"

"ಇಲ್ಲಣ್ಣ."

"ಕೆಳಗ ಹಿಡಿ. ನಾ ಅಂದ ಮ್ಯಾಲ ಎತ್ತು."

"ಹೂಂ. ನೀನೂ ಸಾವಕಾಶ ಎತ್ತು. ನಿನಗ ಟೊಂಕ ನೋವೈತಿ."

ಫಕೀರವ್ವ ಬುಟ್ಟಿಯ ಅರಿವೆ ಬಿಚ್ಚಿದಳು.

ಕಲ್ಲು ತನ್ನ ಜಾಗದಲ್ಲಿ ಕೂತ ಮೇಲೆ, ದಡಕ್ಕೆ ಸಾಲಾಗಿ ಕೂತು ಎಲ್ಲರೂ ಉಂಡರು. ಅಣ್ಣ ತಮ್ಮ ಅಕ್ಕಪಕ್ಕದಲ್ಲಿ. ರೇವಯ್ಯ ದೂರದಲ್ಲಿ ನಿಂತಿದ್ದ. ಅವನಿಗೆ ಮಾಡಲು ಏನೂ ಇರಲಿಲ್ಲ. ಫಕೀರವ್ವನೇ ಕೂಗಿದಳು: "ಬರ್ರಿ ಅಯ್ಯನವರ, ಇಲ್ಲೆ ಜಾಗಾ ಐತಿ." ಮುದಕಪ್ಪ ಸರಿದು ಕೂತ. ರೊಟ್ಟಿ ಆರಿತ್ತು, ಆದರೂ ರೇವಯ್ಯ ಅಷ್ಟು ರುಚಿಯಾದದ್ದನ್ನು ಎಂದೂ ಉಂಡಿರಲಿಲ್ಲ.

ಸಂಜೆ ಊರವರು ಹೋದ ಮೇಲೆ ಅವನು ಕಲ್ಲುಗಳ ಮೇಲೆ ನಡೆದು ನೋಡಿ ಬಂದ. ಸುಮ್ಮನಿರುವುದು ಅವನಿಗೆ ಇನ್ನೂ ಬಂದಿರಲಿಲ್ಲ.

"ಅಜ್ಜಾರ, ನಡುವಿನ ಕಲ್ಲು ಚೂರು ಅಲಗತೈತ್ರಿ. ನಾಳೆ ಮುಂಜಾನೆ ಬುಡಕ್ಕೊಂದು ಕಲ್ಲಿನ ಚಕ್ಕಿ ಕೊಡ್ಲೇನ್ರಿ?"

ಅಜ್ಜಾರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

"ನೀ ಮುಟ್ಟಬ್ಯಾಡ. ಅಲಗತೈತಿ ಅಂತ ಬಾಳಪ್ಪಗಷ್ಟ ಹೇಳು. ತಮ್ಮನ್ನ ಅಂವನೇ ಕರೀತಾನ."