ಸೆರಗು ಹಿಡಿದು ಬಂದ ತೊಗಲವ್ವ

ದೀಪದ ಕುಡಿ ಅಲುಗದ ಹಾಗೆ ಕೂತು, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು, ತೊಗಲವ್ವನ ಕಥೆ ಕೇಳಿರಿ ತಾಯಂದಿರಾ.

ಹೊಳೆದಂಡೆಯ ಪಟ್ಟಣವೊಂದರಲ್ಲಿ ಬನಪ್ಪನೆಂಬ ನೇಕಾರನೂ ಅವನ ಹೆಂಡತಿ ನಿಂಬವ್ವನೂ ಇದ್ದರು. ಮನೆ ತುಂಬ ಬಟ್ಟೆ, ಅಂಗಳದ ತುಂಬ ಮಕ್ಕಳು. ಶ್ರಾವಣ ಶುಕ್ರವಾರದ ಹಿಂದಿನ ದಿನವೇ ಮಕ್ಕಳ ಉಗುರು ತೆಗೆಸಿ, ಮರುದಿನ ಮೈ ತೊಳೆಸಿ, ಮುಖ ಒರೆಸಲು ಒಬ್ಬೊಬ್ಬರಿಗೂ ಬೇರೆ ಅರಿವೆ ಕೊಟ್ಟು, ಮಕ್ಕಳ ಮೈತೊಗಲು ಕಾಯುವ ದೇವತೆ ತೊಗಲವ್ವನಿಗೆ ದೀಪ ಹಚ್ಚುವುದು ಅವರ ಕೇರಿಯ ವ್ರತವಾಗಿತ್ತು. ನಿಂಬವ್ವನಿಗೋ ಗಂಡ ನೇಯ್ದ ಕೆಂಪು ಸೆರಗಿನ ಮೇಲೆ ಬಲು ಗರ್ವ. "ನನ್ನ ಮಕ್ಕಳಿಗೆ ನನ್ನ ಸೆರಗ ಸಾಕು, ತಗೀರಿ ನಿಮ್ಮ ವ್ರತ," ಎಂದು ನಕ್ಕಳು. ಹಾಗೆ ನಗುವವರು ಇಲ್ಲಿಯೂ ಇದ್ದಾರೆ, ಯಾರೆಂದು ನಾನು ಹೇಳುವುದಿಲ್ಲ.

ಹೀಗಿರಲು ಹಿರಿಯ ಮಗನ ಮೂಗಿನ ಕೆಳಗೆ ಸೊಳ್ಳೆ ಕಚ್ಚಿ, ಅವನು ಕೆರೆದು, ಗುಳ್ಳೆಯೆದ್ದು, ಒಡೆದು, ಒಣಗಿದ ಜೇನಿನಂತೆ ಹಕ್ಕಳೆಗಟ್ಟಿತು. ನಿಂಬವ್ವ ಸೆರಗಿನಲ್ಲಿ ಒರೆಸಿದಳು. ಅದೇ ಸೆರಗಿನಲ್ಲಿ ಮಗಳು ಚಂದ್ರಿಯ ಕಣ್ಣೀರು ಒರೆಸಿ, ಅದೇ ಸೆರಗಿನಲ್ಲಿ ತೊಟ್ಟಿಲ ಕೂಸಿನ ಬಾಯಿಯನ್ನೂ ಒರೆಸಿದಳು. ಪ್ರೀತಿಯಿಂದಲೇ ಒರೆಸಿದಳು, ಪಾಪ. ಒರೆಸಿದ ಮುಖದಲ್ಲೆಲ್ಲ ಹಕ್ಕಳೆ ಎದ್ದಿತು. ಕೆಲವು ವಾರಗಳಲ್ಲಿ ಹುಣ್ಣು ಒಣಗಿತು, ತಾಯಿ ನೆಮ್ಮದಿಯ ಉಸಿರು ಬಿಟ್ಟಳು. ಆಮೇಲೆ ಒಂದು ಮುಂಜಾನೆ, ಹುಣ್ಣಿನ ನಂಜು ಒಳಗಿಳಿದು, ಚಂದ್ರಿಯ ಮುಖ ಊದಿ, ಕಣ್ಣು ಮುಚ್ಚಿ, ಮೂತ್ರ ಕೆಮ್ಮಣ್ಣಿನ ನೀರಿನಂತೆ ಇಳಿಯಿತು.

ಆ ಸಂಜೆ ದೀಪ ಹಚ್ಚುವಾಗ, ಬನಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಮುದುಕಿಯೊಬ್ಬಳು ಮುಸುಕು ಹಾಕಿ ಕೂತಿದ್ದಳು. ಬಾಗಿಲು ತೆರೆದ ಸದ್ದಿರಲಿಲ್ಲ. ಅವಳ ತಲೆಯ ಮೇಲಿದ್ದದ್ದು ನಿಂಬವ್ವನದೇ ಕೆಂಪು ಸೆರಗು. ನಿಂಬವ್ವ ಹೆಗಲು ಮುಟ್ಟಿ ನೋಡಿಕೊಂಡಳು. ಸೆರಗು ಅಲ್ಲಿಯೂ ಇತ್ತು. ಮುದುಕಿ ಮುಸುಕು ಸರಿಸಿದಳು. ಮಕ್ಕಳ ಮುಖದ ಒಂದೊಂದು ಹಕ್ಕಳೆಯೂ ಆ ಮುಖದಲ್ಲಿ ಅದದೇ ಜಾಗದಲ್ಲಿ ಕೂತಿತ್ತು.

"ಕರೀದ ಬಂದಿಲ್ಲ ತಂಗಿ. ಒಂದು ಕೂಸಿನ ಮಾರಿಯಿಂದ ಇನ್ನೊಂದು ಕೂಸಿನ ಮಾರಿಗೆ ನೀನ ನನ್ನ ಹೊತ್ತು ತಿರುಗೀದಿ," ಎಂದಳು.

"ಚಂದ್ರಿನ್ನ ಬಿಡು ಯವ್ವಾ, ನನ್ನ ಒಯ್ಯಿ!" ಎಂದು ನಿಂಬವ್ವ ಕಾಲಿಗೆ ಬಿದ್ದಳು.

"ವೈದ್ಯನ ಕಡೆ ಕಳಸು. ಸೆರಗ ಹರಿ," ಎಂದಿತು ದನಿ. ನಿಂಬವ್ವನ ಕೈಗೆ ಸಿಕ್ಕಿದ್ದು ಕುಣಿಯ ತಣ್ಣನೆಯ ಮಣ್ಣು ಮಾತ್ರ.

ಬನಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡು ವೈದ್ಯನಲ್ಲಿಗೆ ಓಡಿದನು. ನಿಂಬವ್ವ ಸೆರಗನ್ನು ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿ, ಮಗುವಿಗೊಂದು ಅರಿವೆ ಹಂಚಿ, ವೈದ್ಯನು ಸಾಕೆನ್ನುವವರೆಗೂ ಮದ್ದು ಬಿಡದೆ ಕುಡಿಸಿ, ವ್ರತ ಹಿಡಿದಳು. ಚಂದ್ರಿಯ ಬಾವು ಇಳಿದು, ಕಣ್ಣು ತೆರೆದು, ಅವಳು ಅವ್ವಾ ಎಂದಳು. ಮಗ್ಗವೂ ಮನೆಯೂ ಬೆಳೆದವು. ಆದರೂ ಮಗು ಅತ್ತಾಗಲೆಲ್ಲ ನಿಂಬವ್ವನ ಕೈ ಹೆಗಲವರೆಗೆ ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು.

ಇದನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಮಕ್ಕಳ ಮೈ ಚಂದ್ರಿಯ ಮೈಯಂತೆ ತಿಳಿಯಾಗಲಿ. ಇನ್ನು ಏಳಿರಿ. ಕೂಸಿನ ಮುಖ ಒರೆಸುವ ಮುಂಚೆ ಸೆರಗನ್ನೊಮ್ಮೆ ದೀಪದ ಬೆಳಕಿಗೆ ಹಿಡಿದು ನೋಡಿರಿ. ಅದರ ಇನ್ನೊಂದು ತುದಿಯನ್ನು ಯಾರೂ ಹಿಡಿದಿಲ್ಲವಷ್ಟೆ?