ಮೊಟ್ಟೆಹಾವೂ ತಿಮ್ಮರಸನ ಹೊಟ್ಟೆಯೂ

ಇದು ಸುಳ್ಳು ಅನ್ನುವ ಗಂಡಸು ಇದ್ದರೆ ಎದ್ದು ನಿಲ್ಲಲಿ. ಯಾರೂ ಇಲ್ಲವಾ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೇಳಿ.

ಬೆಣಚಿಕಟ್ಟೆ ಅಂತ ಒಂದು ರಾಜ್ಯ. ಅಲ್ಲಿಗೊಬ್ಬ ದೊರೆ. ಆ ರಾಜ್ಯದಲ್ಲೆಲ್ಲ ಹಾವಿನ ವಿಷಯ ಸರಿಯಾಗಿ ತಿಳಿದವನು ಒಬ್ಬನೇ. ಸಣ್ಣಬೋರ, ಅಂದರೆ ನಾನು. ಒಂದು ದಿನ ಜಾಲಿಪೊದೆಯಲ್ಲಿ ಒಂದು ಹಾವು ಹಿಡಿದೆ. ಕಿರುಬೆರಳಿನ ದಪ್ಪ, ಕಂದು ಮೈ, ಬೆನ್ನುದ್ದಕ್ಕೂ ಬಿಳಿ ಗೆರೆ. ನಮ್ಮಜ್ಜ ಜೀವಮಾನದಲ್ಲಿ ಒಂದೇ ಸಲ ಕಂಡಿದ್ದ ಹಾವು ಅದು. ದೊರೆಗೆ ಕಾಣಿಕೆ ಕೊಟ್ಟೆ.

"ಬುದ್ಧೀ, ಇದಕ್ಕೆ ಹಕ್ಕಿಮೊಟ್ಟೆ ಬಿಟ್ಟು ಬೇರೇನೂ ಸೇರಲ್ಲ," ಅಂದೆ.

ಉಗ್ರಾಣದ ಯಜಮಾನ ತಿಮ್ಮರಸ ಕಿಸಕ್ಕನೆ ನಕ್ಕ. "ಹಳ್ಳಿಗುಗ್ಗು! ಹಾವಿಗೆ ಹಾಲೆರೆಯೋದು ತೊಟ್ಟಿಲ ಮಗುವಿಗೂ ಗೊತ್ತು. ಮಹಾಪ್ರಭು, ದಿನಕ್ಕೆ ಎರಡು ಕೊಡ ಹಾಲು, ಒಂದು ಕೋಳಿ ಅಪ್ಪಣೆಯಾಗಲಿ. ನಾನೇ ನೋಡ್ಕೋತೀನಿ."

ಅಪ್ಪಣೆಯಾಯಿತು. ತಿಂಗಳು ಕಳೆಯಿತು. ಹಾವು ದಾರವಾಯಿತು. ತಿಮ್ಮರಸ ಕಣಜವಾದ. ದೊರೆ ಬುಟ್ಟಿ ತೆಗೆಸಿ ನೋಡಿ ಹೌಹಾರಿದರು, ನನ್ನನ್ನು ಹಿಡಿತರಿಸಿದರು.

"ರೋಗದ ಹಾವು ತಂದಿದ್ದಾನೆ. ತಲೆ ತೆಗೆಸಿ!" ಅಂದ ತಿಮ್ಮರಸ.

ಕತ್ತಿ ಹೊರಗೆ ಬಂತು. ನಾನು ಹೆದರಿದೆನಾ? ಎರಡು ಹೆಜ್ಜೆ ಹಿಂದೆ ಸರಿದೆ, ಅದು ಕತ್ತಿ ಸರಿಯಾಗಿ ಕಾಣಲಿ ಅಂತ. "ದೊರೆಗಳೇ, ಇಷ್ಟು ದಿನ ತಿನ್ನಿಸಿದವರು ಇಲ್ಲೇ ತಿನ್ನಿಸಿ ತೋರಿಸಲಿ. ಹಾವು ತಿಂದರೆ ನನ್ನ ತಲೆ ನಿಮ್ಮದು."

ಹಾಲು ಬಂತು. ಹಾವು ಮುಖ ತಿರುಗಿಸಿತು. "ನಾಚಿಕೆ ಸ್ವಭಾವ," ಅಂದ ತಿಮ್ಮರಸ.

ಕೋಳಿ ಬಂತು. ಹಾವು ತಿನ್ನುವುದಿರಲಿ, ಕೋಳಿಯೇ ಅದರ ಬಾಲ ಕುಕ್ಕಿತು. ಸಭೆ ಗೊಳ್ಳೆಂದಿತು. ನಾನು ಮೆಲ್ಲಗೆ ಹಾವಿನ ಬಾಯಿ ತೆರೆದು ತೋರಿಸಿದೆ. "ಹೇಳಿಕೊಳ್ಳುವಂಥ ಹಲ್ಲೇ ಇಲ್ಲ ಬುದ್ಧೀ. ಮೂವತ್ತು ಕೋಳಿ ಯಾರ ಹಲ್ಲಿಗೆ ಸಿಕ್ಕಿದವೋ!"

ತಿಮ್ಮರಸ ಬೆವೆತ. "ಇವನ ಮೊಟ್ಟೆಯನ್ನೂ ನೋಡೇಬಿಡೋಣ!" ಅಂತ ತಾನೇ ಓಡಿದ. ಉಗ್ರಾಣದ ಹಿಂದಿನ ಹಾಳುಗೂಡಿನಿಂದ ಒಂದು ಗುಬ್ಬಿಮೊಟ್ಟೆ ತಂದಿಟ್ಟ. ಹಾವು ನಾಲಿಗೆ ತಾಗಿಸಿತು, ಹಿಂದೆ ಸರಿಯಿತು.

"ನೋಡಿದಿರಾ! ಮೊಟ್ಟೆಯೂ ಬೇಡವಂತೆ. ಹಾಕಿ ಕತ್ತಿ!"

ನಾನು ಕೇಳಿದೆ, "ಯಜಮಾನರೇ, ಮೊಟ್ಟೆ ಚೆನ್ನಾಗಿದೆ ತಾನೇ?"

"ಇವತ್ತು ಬೆಳಿಗ್ಗೆ ಇಟ್ಟದ್ದು ಕಣೋ!"

"ಹಾಗಾದರೆ ನೀವೇ ತಿನ್ನಿ."

ದೊರೆ ತಲೆದೂಗಿದರು. "ತಿನ್ನು."

ಬೇರೆ ದಾರಿಯಿಲ್ಲದೆ ಒಡೆದ. ಆ ಕೊಳೆತ ನಾತಕ್ಕೆ ಮಂತ್ರಿಗಳು ಕಿಟಕಿಗೆ ಓಡಿದರು. ದೊರೆ ಮೂಗು ಹಿಡಿದುಕೊಂಡೇ, "ನುಂಗು," ಅಂದರು. ಹಾವು ನಾಲಿಗೆ ತುದಿಯಲ್ಲೇ ಬೇಡವೆಂದದ್ದನ್ನು ಆ ಬೃಹಸ್ಪತಿ ಪೂರ್ತಿ ನುಂಗಿದ.

ಆಮೇಲೆ ನಾನು ಅರಮನೆಯ ಸೂರು ಹತ್ತಿ ಹೊಸ ಗುಬ್ಬಿಮೊಟ್ಟೆ ತಂದೆ. ಹಾವು ನಾಲಿಗೆ ತಾಗಿಸಿತು, ತಲೆಗಿಂತ ದೊಡ್ಡ ಮೊಟ್ಟೆಯನ್ನು ಇಡಿಯಾಗಿ ನುಂಗಿತು. ಗಂಟಲಲ್ಲಿ ಕಟುಂ ಅಂತು. ಚಿಪ್ಪನ್ನು ಮುದ್ದೆ ಮಾಡಿ, ಎಲೆಯಡಿಕೆ ಉಗುಳುವ ಮುದುಕನ ಹಾಗೆ ತಿಮ್ಮರಸನ ಕಡೆಗೇ ಉಗುಳಿತು.

ಅವತ್ತೇ ಅವನ ಅಧಿಕಾರ ಹೋಯಿತು, ಕೋಳಿಗೂಡು ಗುಡಿಸುವ ಕೆಲಸ ಬಂತು. ಬಾಯಿಲ್ಲದವರ ಹೆಸರು ಹೇಳಿ ತಿಂದವನು ಕೊನೆಗೆ ಕೊಳೆತದ್ದನ್ನೇ ನುಂಗಬೇಕು. ನೀತಿ ಇಷ್ಟೇ, ನೆನಪಿಟ್ಟುಕೊಳ್ಳಿ.

ಅರ್ಧ ರಾಜ್ಯ ಕೊಟ್ಟರು ಅಂತ ನಾನು ಹೇಳಬಹುದಿತ್ತು, ನೀವು ನಂಬುತ್ತಲೂ ಇದ್ದಿರಿ. ದೊರೆ ನನಗೆ ಕೊಟ್ಟದ್ದು ಒಂದು ಕರಿಕಂಬಳಿ.